ಸವೆದ ಮಂಡಿ ಮತ್ತೆ ಯಾಕೆ ಬೆಳೆಯಲ್ಲ?

ಪ್ರಶ್ನೆ: ಅಮ್ಮನಿಗೆ 62 ವರ್ಷ. ಮಂಡಿನೋವು ಅಂತ ಎಕ್ಸ್-ರೇ ತೆಗೆಸಿದೆವು. ‘ಮೃದ್ವಸ್ಥಿ ಸವೆದಿದೆ, ಅದು ಮತ್ತೆ ಬೆಳೆಯಲ್ಲ’ ಅಂದರು ಡಾಕ್ಟರು. ಕೈ ಮುರಿದರೆ ಮೂಳೆ ಕೂಡಿಕೊಳ್ಳುತ್ತದೆ, ಇದಕ್ಕೇನಾಗಿದೆ? ಕಿವಿಯಲ್ಲಿರುವುದೂ ಇದೇನಾ? ಕಾಲು ಸೂಪ್ ಕುಡಿಸಿದರೆ ಸರಿಹೋಗುತ್ತಾ?

ಉತ್ತರ: ಮೊದಲು ಎಕ್ಸ್-ರೇ ವಿಷಯ. ಅದರಲ್ಲಿ ಮೃದ್ವಸ್ಥಿ, ಅಂದರೆ ಮಂಡಿಯಲ್ಲಿ ಮೂಳೆಗಳ ತುದಿಗೆ ಹೊದ್ದಿರುವ ಮೆತ್ತೆ (ಕಾರ್ಟಿಲೇಜ್), ಕಾಣುವುದೇ ಇಲ್ಲ. ತೊಡೆಮೂಳೆಗೂ ಕೆಳಗಿನ ಮೂಳೆಗೂ ನಡುವೆ ಒಂದು ಕಪ್ಪು ಸಂದು ಕಾಣುತ್ತದೆ, ಅದು ಕಿರಿದಾಗಿದ್ದರೆ ನಡುವಿನ ಮೆತ್ತೆ ತೆಳುವಾಗಿದೆ ಅಂತ ಲೆಕ್ಕ. ಮೆತ್ತೆ ಅಂದರೆ ಭಾರೀ ದಪ್ಪ ಅಂದುಕೊಳ್ಳಬೇಡಿ, ಬಹುಪಾಲು ಕಡೆ 2ರಿಂದ 4 ಮಿಲಿಮೀಟರ್ ಅಷ್ಟೇ.

ಬೆಳೆಯಲ್ಲ ಯಾಕೆ ಅಂದರೆ, ಅದರೊಳಗೆ ರಕ್ತನಾಳವೇ ಇಲ್ಲ. ಮೂಳೆ ಮುರಿದಾಗ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ರಿಪೇರಿ ಮಾಡುವ ಜೀವಕೋಶಗಳು ಬಂದು ಸೇರುತ್ತವೆ. ಮೃದ್ವಸ್ಥಿಗೆ ಆ ದಾರಿಯೇ ಇಲ್ಲ. ಇರುವ ಜೀವಕೋಶಗಳೂ ಗಟ್ಟಿ ಜೆಲ್ಲಿಯೊಳಗೆ ಪುಟ್ಟ ಗೂಡುಗಳಲ್ಲಿ ಸಿಕ್ಕಿಕೊಂಡಿರುತ್ತವೆ, ಕದಲಲೂ ಆಗಲ್ಲ. ಅವುಗಳ ಊಟ ಕೀಲಿನೊಳಗಿನ ಲೋಳೆಯಂಥ ದ್ರವದಿಂದ: ಹೆಜ್ಜೆ ಇಟ್ಟಾಗ ಮೆತ್ತೆ ಅದುಮಿಕೊಂಡು ನೀರು ಬಿಡುತ್ತದೆ, ಕಾಲೆತ್ತಿದಾಗ ಹೀರಿಕೊಳ್ಳುತ್ತದೆ, ಪಾತ್ರೆ ತೊಳೆಯುವ ಸ್ಪಂಜು ಹಿಂಡಿ ಬಿಟ್ಟ ಹಾಗೆ. ಅದಕ್ಕೇ ‘ಸವೆದಿದೆ’ ಅಂತ ಅಮ್ಮನನ್ನು ಸುಮ್ನೆ ಕುರ್ಚಿಯಲ್ಲಿ ಕೂರಿಸಿಬಿಡಬೇಡಿ. ಡಾಕ್ಟರು ಬೇಡ ಅನ್ನದಿದ್ದರೆ ಸಮತಟ್ಟು ಜಾಗದಲ್ಲಿ ಸ್ವಲ್ಪ ನಡೆಯಲಿ. ಕೆಟ್ಟ ಮೃದ್ವಸ್ಥಿ ಮರಳಿ ಬರಲ್ಲ ಅಂತ ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದರು. ಅದನ್ನು ಮೊದಲಿನಂತೆ ಬೆಳೆಸುವ ಮಾತ್ರೆ ಇವತ್ತಿಗೂ ಇಲ್ಲ, ಜಾಹೀರಾತು ಏನೇ ಹೇಳಲಿ.

ಅದಕ್ಕೆ ನರಗಳೂ ಇಲ್ಲ. ಹಾಗಾಗಿ ಸವೆಯುವುದು ಶುರುವಾದಾಗ ಗೊತ್ತೇ ಆಗಲ್ಲ. ಅಮ್ಮನಿಗೆ ಈಗಿರುವ ನೋವು ಮೃದ್ವಸ್ಥಿಯ ಅಡಿಯಲ್ಲಿರುವ ಮೂಳೆಯದ್ದು, ಕೀಲಿನ ಸುತ್ತಲಿನ ಪೊರೆಯದ್ದು.

ಕಿವಿಯದ್ದು ಬೇರೆ ಜಾತಿ. ಮಡಚಿ ಬಿಡಿ, ಪಟ್ಟಂತ ಮೊದಲಿನ ಹಾಗಾಗುತ್ತದೆ ಅಲ್ವಾ? ಅದರಲ್ಲಿ ಎಲಾಸ್ಟಿನ್ ಎಳೆಗಳು ಜಾಸ್ತಿ. ಮಂಡಿಮೂಳೆಯ ತುದಿಯಲ್ಲಿರುವುದು ಗಾಜಿನಷ್ಟು ನುಣುಪು. ಮೂಗಿನಲ್ಲಿ, ಶ್ವಾಸನಾಳದ ಉಂಗುರಗಳಲ್ಲಿ ಇರುವುದೂ ಅದೇ. ಇನ್ನೊಂದು ನಾರು ತುಂಬಿದ್ದು: ಬೆನ್ನುಮೂಳೆಯ ಡಿಸ್ಕ್, ಮಂಡಿಯಲ್ಲೇ ಇರುವ ಅರ್ಧಚಂದ್ರದಂಥ ಮೆನಿಸ್ಕಸ್. ಕಬಡ್ಡಿ ಆಡುವಾಗ ಮಂಡಿ ತಿರುಚಿದರೆ ಹರಿಯುವುದು ಈ ಮೆನಿಸ್ಕಸ್. ಅದರ ಹೊರ ಅಂಚಿಗೆ ಮಾತ್ರ ರಕ್ತ ಹೋಗುತ್ತದೆ, ಅಲ್ಲಿ ಹರಿದರೆ ಕೂಡಿಕೊಳ್ಳಲೂಬಹುದು.

ಕಾಲು ಸೂಪಿನಲ್ಲಿ ಕೊಲಾಜೆನ್ (ಮೃದ್ವಸ್ಥಿಯಲ್ಲೂ ಇರುವ ಪ್ರೋಟೀನು) ಇದೆ, ನಿಜ. ತಣ್ಣಗಾದಾಗ ಅದು ಗಟ್ಟಿಯಾಗುವುದು ಅದರಿಂದಲೇ. ಆದರೆ ಹೊಟ್ಟೆಗೆ ಹೋದಮೇಲೆ ಬೇಳೆ, ಮೊಟ್ಟೆಯ ಪ್ರೋಟೀನಿನ ಹಾಗೆ ಅದೂ ಚೂರಾಗುತ್ತದೆ, ನೆಟ್ಟಗೆ ಮಂಡಿಗೆ ಹೋಗಿ ಅಂಟಿಕೊಳ್ಳಲ್ಲ. ಇಷ್ಟವಿದ್ದರೆ ರುಚಿಗೆ ಕುಡಿಯಲಿ.

ಪ್ರಶ್ನೆ: ಮಗಳ ಒಂಬತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ರಕ್ತವನ್ನೂ ಸಂಯೋಜಕ ಅಂಗಾಂಶ ಅಂತ ಹಾಕಿದ್ದಾರೆ. ಪ್ರಿಂಟ್ ತಪ್ಪಾ?

ಉತ್ತರ: ತಪ್ಪಲ್ಲ. ಸಂಯೋಜಕ ಅಂಗಾಂಶ ಅಂದರೆ ದೇಹದ ಭಾಗಗಳನ್ನು ಕೂಡಿಸುವ, ಆಧರಿಸುವ ಅಂಗಾಂಶಗಳ ಗುಂಪು (ಕನೆಕ್ಟಿವ್ ಟಿಶ್ಯೂ). ಈ ಗುಂಪಿನಲ್ಲಿ ಜೀವಕೋಶಗಳು ಸಾಮಾನ್ಯವಾಗಿ ಬಿಡಿಬಿಡಿಯಾಗಿರುತ್ತವೆ, ನಡುವೆ ಬೇರೇನೋ ತುಂಬಿರುತ್ತದೆ. ಮೂಳೆಯಲ್ಲಿ ಕ್ಯಾಲ್ಸಿಯಂ ಕೂತು ಅದು ಕಲ್ಲಿನಂತಾಗಿದೆ, ಮೃದ್ವಸ್ಥಿಯಲ್ಲಿ ಜೆಲ್ಲಿ, ರಕ್ತದಲ್ಲಿ ಹರಿಯುವ ದ್ರವ, ಪ್ಲಾಸ್ಮಾ. ಕೊಬ್ಬೂ ಇದೇ ಕುಟುಂಬ, ಅದರಲ್ಲಿ ಮಾತ್ರ ಜೀವಕೋಶಗಳು ಒತ್ತೊತ್ತಾಗಿರುತ್ತವೆ. ಇದೇ ಕುಟುಂಬದಲ್ಲಿ ಸ್ನಾಯುವನ್ನು ಮೂಳೆಗೆ ಕಟ್ಟುವುದು ಟೆಂಡನ್, ಮೂಳೆಯನ್ನು ಮೂಳೆಗೆ ಕಟ್ಟುವುದು ಲಿಗಮೆಂಟ್. ಪರೀಕ್ಷೆಯಲ್ಲಿ ಇವೆರಡನ್ನು ಅದಲುಬದಲು ಮಾಡುವವರೇ ಜಾಸ್ತಿ, ಮಗಳಿಗೆ ಹೇಳಿಡಿ.