ಸಮುದ್ರದ ಕಲ್ಲು, ನೆಲದ ಜೀವಿ
ಸುಣ್ಣದಕಲ್ಲು ಹುಟ್ಟಿದ್ದೇ ಸಮುದ್ರದಲ್ಲಿ, ಅದರ ಗುಹೆಯಲ್ಲಿ ಸಿಕ್ಕ ಸೂಕ್ಷ್ಮಜೀವಿ ನೆಲದ್ದು ಹೇಗಾದೀತು ಎಂದು ಕೇಳಿದ್ದೀರಿ. ಕಲ್ಲಿನ ವಯಸ್ಸು ಬೇರೆ, ಅದರ ಪೊಳ್ಳನ್ನು ತುಂಬಿದ ವಸ್ತುವಿನ ವಯಸ್ಸು ಬೇರೆ. ಸಮುದ್ರ ಹಿಂದೆ ಸರಿದ ಮೇಲೆ, ಇಂಗಾಲದ ಡೈಆಕ್ಸೈಡ್ ಬೆರೆತ ಮಳೆನೀರು ಕಲ್ಲನ್ನು ಕರಗಿಸಿ ಗುಹೆ ಕೊರೆಯುತ್ತದೆ (ಆಳದ ನೀರು ಕೊರೆದ ಗುಹೆಗಳೂ ಇವೆ, ಅವುಗಳ ಕಥೆ ಬೇರೆ).

ಅಮೆರಿಕದ ಅರಿಜೋನಾದ ಮೆಸ್ಕಲ್ ಸುಣ್ಣದಕಲ್ಲಿನಲ್ಲಿ ಇಂಥ ಪೊಳ್ಳುಗಳೊಳಗೆ ಸಿಲಿಕಾ (ಮರಳಿನಲ್ಲಿರುವ ಖನಿಜ ವಸ್ತು) ಗಟ್ಟಿಯಾಗಿ, ಸೂಕ್ಷ್ಮ ಪಳೆಯುಳಿಕೆಗಳನ್ನು ಹಿಡಿದಿಟ್ಟಿದೆ. ಈ ಪಳೆಯುಳಿಕೆಗಳ ವಯಸ್ಸು ಸುಮಾರು 120 ಕೋಟಿ ವರ್ಷ! ಗಿಡಗಳು ನೆಲಕ್ಕೆ ಬಂದದ್ದು ಎಷ್ಟೋ ಆಮೇಲೆ, ಸುಮಾರು 47 ಕೋಟಿ ವರ್ಷಗಳ ಹಿಂದೆ. ಅರಿಜೋನಾದ ಈ ಶೋಧವನ್ನು ಭೂವಿಜ್ಞಾನಿಗಳಾದ ಹೊರೋಡಿಸ್ಕಿ ಮತ್ತು ನಾತ್ 1994ರಲ್ಲಿ ಪ್ರಕಟಿಸಿದರು.

ನಿಮ್ಮ ಅನುಮಾನ ಸುಳ್ಳೇನಲ್ಲ. ಸಮುದ್ರ ಮತ್ತೆ ಏರಿ ಬಂದಾಗ ಅದರ ಜೀವಿಗಳೂ ಪೊಳ್ಳಿಗೆ ನುಗ್ಗಬಹುದು. ಹಾಗಾಗಿ ಆ ಸಮುದ್ರ ತಂದ ಮೇಲಿನ ಪದರ ಕೂರುವ ಮೊದಲೇ ಸಿಲಿಕಾ ಗಟ್ಟಿಯಾಗಿತ್ತೇ ಎಂಬುದನ್ನೇ ನಾನು ಮೊದಲು ನೋಡುತ್ತೇನೆ.