ಹಳೆಯ ಶಾಪ್‌ಸ್ಮಿತ್ ಮಾರ್ಕ್ 5 ಯಂತ್ರದ ವೇಗದ ಡಯಲ್ ಬಿಗಿಯಾಗಿದೆ, ಏನು ಮಾಡಬೇಕು?

ಬಲವಂತವಾಗಿ ತಿರುಗಿಸಬೇಡಿ. ಈ ಅಮೆರಿಕನ್ ಮರಗೆಲಸದ ಯಂತ್ರದಲ್ಲಿ ಮೋಟರ್ ಓಡುತ್ತಿರುವಾಗ ಮಾತ್ರ ಡಯಲ್ ತಿರುಗಿಸಬೇಕು. ನಿಂತಿರುವಾಗ ಬೆಲ್ಟ್ ಪುಲ್ಲಿಯ ಮೇಲೆ ಏರಲಾರದು, ಒತ್ತಡವೆಲ್ಲ ಡಯಲಿನ ಗೇರಿನ ಮೇಲೆ ಬಿದ್ದು ಅದೇ ಮುರಿಯುತ್ತದೆ.

ಸಾಮಾನ್ಯವಾಗಿ ತಪ್ಪಿರುವುದು ಎಣ್ಣೆಯಲ್ಲಿ. ವೇಗ ಬದಲಾಗುವುದು ಶಾಫ್ಟಿನ ಮೇಲೆ ಜಾರುವ ಅರ್ಧಪುಲ್ಲಿಗಳಿಂದ. ಹಳೆ ಎಣ್ಣೆ, ಮರದ ಹುಡಿ ಸೇರಿ ಅಂಟಾದರೆ ಅವು ಕಚ್ಚಿಕೊಳ್ಳುತ್ತವೆ. ಪ್ಲಗ್ ಕಿತ್ತು, ಮೋಟರ್ ಮತ್ತು ಪುಲ್ಲಿಗಳಿರುವ ಪೆಟ್ಟಿಗೆಯಾದ ಹೆಡ್‌ಸ್ಟಾಕಿನ ಮುಚ್ಚಳ ತೆಗೆದು, ಹುಡಿಯನ್ನು ವ್ಯಾಕ್ಯೂಮಿನಿಂದ ಎಳೆಯಿರಿ. ಜಾರುವ ಭಾಗದ ಶಾಫ್ಟಿಗೆ ಎಸ್‌ಎಇ 20 ಅಥವಾ 30 ದರ್ಜೆಯ ಎಣ್ಣೆ ಎರಡೇ ಹನಿ ಸಾಕು, ಬೆಲ್ಟಿಗೆ ಸೋಕಬಾರದು. ಮುಚ್ಚಳ ಹಾಕಿ, ಯಂತ್ರ ಓಡಿಸಿ, ಡಯಲನ್ನು ನಿಧಾನ ಹಿಂದೆಮುಂದೆ ತಿರುಗಿಸಿ.

ಹೆಡ್‌ಸ್ಟಾಕ್ ಜಾರುವ ಉದ್ದದ ಕೊಳವೆಗಳಿಗೆ ಮಾತ್ರ ಎಣ್ಣೆ ಬೇಡ, ಹುಡಿ ಮೆತ್ತುತ್ತದೆ; ಪೇಸ್ಟ್ ವ್ಯಾಕ್ಸ್ (ಮುದ್ದೆಯಂಥ ಮೇಣ) ಉಜ್ಜಿ.