ಮುಟ್ಟದೆಯೇ ಸುಟ್ಟ ಕೈ

‘ರಬ್ಬರ್ ಕೈಗವಸು ತೊಟ್ಟರೆ ಕರೆಂಟಿನ ಭಯವಿಲ್ಲ’ ಎಂಬ ಸಾಲನ್ನು ನಮ್ಮ ಗಣಿ ಲೇಖನದಲ್ಲಿ ಓದಿ ನೀವು ಬರೆದಿದ್ದೀರಿ: ‘ನನ್ನ ತಮ್ಮ ಗಣಿಯಲ್ಲಿ ಎಲೆಕ್ಟ್ರೀಷಿಯನ್. ಪ್ಯಾನೆಲ್ ಬಾಗಿಲು ತೆರೆದು ಮೀಟರಿನ ಕಡ್ಡಿ ಇಟ್ಟನಷ್ಟೆ. ತಂತಿ ಮುಟ್ಟಲಿಲ್ಲ, ಶಾಕೂ ಹೊಡೆಯಲಿಲ್ಲ. ಆದರೂ ಮುಖ, ಕೈ ಸುಟ್ಟವು. ಇದು ಯಾವ ಲೆಕ್ಕ?’ ಲೆಕ್ಕ ತಪ್ಪಿದ್ದು ನಮ್ಮದೇ. ಆ ಸಾಲು ನನ್ನ ಕಣ್ತಪ್ಪಿ ಅಚ್ಚಾಯಿತು, ಕ್ಷಮಿಸಿ.

ಕರೆಂಟ್ ಎಂದರೆ ಶಾಕ್ ಎಂದಷ್ಟೇ ನಮಗೆಲ್ಲ ರೂಢಿ. ಆದರೆ ಗಣಿಯಲ್ಲಿ ವಿದ್ಯುತ್ತಿನಿಂದಾಗುವ ಗಾಯಗಳಲ್ಲಿ ಸುಟ್ಟಗಾಯದ ಪಾಲು ದೊಡ್ಡದು, ಅದರಲ್ಲೂ ಬಹಳಷ್ಟು ಆರ್ಕ್‌ನಿಂದ, ಅಂದರೆ ಗಾಳಿಯಲ್ಲೇ ಹಾಯುವ ಕರೆಂಟಿನ ಉರಿಯಿಂದ, ಆಗುವಂಥವು. ಎರಡು ಫೇಸ್‌ಗಳ ನಡುವೆ ಸ್ಪ್ಯಾನರ್ ಜಾರಿ ಬಿದ್ದರೆ, ಅಥವಾ ತಾಳಿಕೊಳ್ಳಲಾಗದ ವೋಲ್ಟೇಜಿಗೆ ಮೀಟರ್ ಹಚ್ಚಿದರೆ (ನಿಮ್ಮ ತಮ್ಮನದು ಇದೇ ಇರಬಹುದು) ಕರೆಂಟ್ ಗಾಳಿಯಲ್ಲೇ ಹರಿಯುತ್ತದೆ. ಅಲ್ಲಿನ ಬಿಸಿ 19,000 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಸೂರ್ಯನ ಮೇಲ್ಮೈಯದೇ ಸುಮಾರು 5,500. ತಾಮ್ರ ಕರಗಿ ಸಿಡಿಯುತ್ತದೆ, ಒಂದಷ್ಟು ಆವಿಯಾಗಿಯೇ ಹೋಗುತ್ತದೆ. ರಬ್ಬರ್ ಕೈಗವಸು ಶಾಕ್ ತಡೆದೀತು, ಮುಖ ಕಾಯುವುದಿಲ್ಲ. ನೈಲಾನ್ ಅಂಗಿಯಂತೂ ಕರಗಿ ಚರ್ಮಕ್ಕೇ ಅಂಟುತ್ತದೆ.

ಇಂಥವು ಹೆಚ್ಚಾಗಿ ನಡೆಯುವುದು ರಿಪೇರಿಯ ಹೊತ್ತಿನಲ್ಲಿ, ಅದೂ ಕೆಲಸ ಬಲ್ಲವರ ಕೈಯಲ್ಲಿ. ಮೆಷಿನ್ ನಿಂತಿರುತ್ತದೆ, ಮೇಲಿನವರು ಬೆನ್ನ ಹಿಂದೆ ನಿಂತು ಗಡಿಯಾರ ನೋಡುತ್ತಿರುತ್ತಾರೆ. ‘ಎರಡೇ ನಿಮಿಷ’ ಎಂದು ಲೈನ್ ಇರುವಾಗಲೇ ಕೈ ಹಾಕುತ್ತಾರೆ. ನನ್ನ ಕೇಳಿದರೆ ತಪ್ಪು ಆ ಗಡಿಯಾರದ್ದೂ ಹೌದು.

ಸ್ವಿಚ್ ಆಫ್ ಮಾಡಿದರೆ ಸಾಲದು. ಅದಕ್ಕೆ ಬೀಗ ಜಡಿದು, ಕೀಲಿ ಕೆಲಸ ಮಾಡುವವನ ಜೇಬಿಗೇ ಇಳಿಯಬೇಕು. ನಾಲ್ವರಿದ್ದರೆ ನಾಲ್ಕು ಬೀಗ. ಆಮೇಲೆ ಮೀಟರ್. ಕರೆಂಟ್ ಇದೆಯೆಂದು ಖಾತ್ರಿಯಿರುವ ಕಡೆ ಮೊದಲು ಹಿಡಿದು ನೋಡಬೇಕು, ಬಳಿಕ ಆಫ್ ಮಾಡಿದ ಲೈನಿಗೆ, ಮತ್ತೆ ಮೊದಲಿನ ಕಡೆಗೆ. ಈ ಮೂರನೆಯದು ಅತಿಯಾಯಿತು ಅನ್ನಿಸೀತು. ಆದರೆ ನಡುವೆ ಮೀಟರೇ ಕೆಟ್ಟಿದ್ದರೆ ಅದು ತೋರಿಸಿದ ಸೊನ್ನೆಯನ್ನು ನಂಬುವುದು ಹೇಗೆ? ಕೆಪಾಸಿಟರ್ ಇದ್ದಲ್ಲಿ ಸ್ವಿಚ್ ಆಫ್ ಆದಮೇಲೂ ಚಾರ್ಜ್ ಉಳಿದಿರುತ್ತದೆ, ಅದನ್ನೂ ಇಳಿಸಬೇಕು.

ಡಂಪರಿನ ತೊಟ್ಟಿ ಎತ್ತುವಾಗ ಮೇಲಿನ ಲೈನಿಗೆ ತಾಗಿದರೆ ಏನು ಮಾಡಬೇಕೆಂದೂ ಕೇಳಿದ್ದೀರಿ. ಡ್ರೈವರ್ ಕ್ಯಾಬಿನ್‌ನಲ್ಲೇ ಕೂತಿರಲಿ. ಲೈನ್ ಆಫ್ ಆಗುವವರೆಗೆ ಯಾರೂ ಹತ್ತಿರ ಸುಳಿಯಬಾರದು. ಬೆಂಕಿ ಹತ್ತಿದರೆ ಮಾತ್ರ, ಗಾಡಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ, ಕಾಲು ಜೋಡಿಸಿ ಹಾರಬೇಕು. ಆಮೇಲೂ ಪಾದ ಅಗಲಿಸದೆ ಚೂರುಚೂರೇ ಜರುಗಬೇಕು: ದೊಡ್ಡ ಹೆಜ್ಜೆ ಇಟ್ಟರೆ ಎರಡು ಪಾದಗಳಡಿಯ ವೋಲ್ಟೇಜ್ ವ್ಯತ್ಯಾಸಕ್ಕೆ ಕರೆಂಟ್ ಕಾಲಿನ ಮೂಲಕವೇ ಹಾಯುತ್ತದೆ. ಲೈನ್ ಆಫ್ ಆಯಿತೆಂದು ಟೈರ್ ನೋಡಲು ಹೋಗುವುದೂ ಬೇಡ. ಹಾದುಹೋದ ಕರೆಂಟಿಗೆ ಒಳಗೊಳಗೇ ಕಾದ ಟೈರ್ ಗಂಟೆಗಳು ಕಳೆದ ಮೇಲೂ ಸಿಡಿಯಬಹುದು.